ನೀರು ಬೇಡ ಅಂದಷ್ಟೂ ಚೆಂಡು ನೀರಿಗೇ

"ಸಾರ್, ಹೊಡೆಯುವಾಗ ಕೆಟ್ಟ ಯೋಚನೆ ಬರದ ಹಾಗೆ ಮಾಡಿಬಿಡಿ." ಗಾಲ್ಫ್ ಆಟಗಾರರ ಮನಸ್ಸಿಗೆ ತರಬೇತಿ ಕೊಡುವ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದು. ಅದು ನನ್ನ ಕೈಲಿಲ್ಲ. ನಿಮ್ಮ ಕೈಲೂ ಇಲ್ಲ.

ಕೋಲಾರದ ಟೊಮೆಟೊ ಮಂಡಿಯವರೊಬ್ಬರು ನನ್ನ ಹತ್ತಿರ ಬರುತ್ತಾರೆ. ಹರಾಜಿನಲ್ಲಿ ರೇಟು ಬಿದ್ದರೂ ಮುಖ ಬಾಡದ ಮನುಷ್ಯ. ನಂದಿ ಬೆಟ್ಟದ ಬುಡದ ಮೈದಾನದಲ್ಲಿ ಎದುರಿಗೆ ಕೊಳ ಕಂಡರೆ ಸಾಕು, ಮುಂಗೈ ಬಿಗಿದುಕೊಳ್ಳುತ್ತದೆ. "ನೀರಿಗೆ ಹೋಗಬಾರದು, ಹೋಗಬಾರದು" ಅಂತ ಗೊಣಗುತ್ತಾರೆ. ಚೆಂಡು ಸೀದಾ ನೀರಿಗೆ. ಮದ್ದು ಕುಡಿಯುವಾಗ ಕೋತಿ ನೆನೆಯಬೇಡ ಅಂದರೆ ಕೋತಿಯೇ ನೆನಪಾಗುತ್ತದೆ, ಅಲ್ವಾ?

ಹಾಗಾಗಿ ಯೋಚನೆಯನ್ನು ಓಡಿಸಬೇಡಿ. ಮನಸ್ಸಿಗೆ ಒಂದು ಕೆಲಸ ಕೊಡಿ. ಚೆಂಡಿನ ಹಿಂದೆ ನಿಂತು ಒಂದು ಗುರಿ ಹಿಡಿಯಿರಿ. ಸುಮ್ನೆ "ಆ ಕಡೆ" ಅಂದರೆ ಸಾಲದು. ಆ ಮರದ ಎಡಗಡೆ ಕೊಂಬೆ ಅನ್ನುವಷ್ಟು ಚಿಕ್ಕದಿರಲಿ. ಉಸಿರು ನಿಧಾನವಾಗಿ ಬಿಡಿ. ಹೋಗಿ ನಿಲ್ಲಿ, ಗುರಿ ಒಮ್ಮೆ ನೋಡಿ, ಹೊಡೆಯಿರಿ. ಪ್ರತಿ ಸಲವೂ ಇದೇ ಕ್ರಮ.

ಮುಂದಿನ ವಾರ ಮತ್ತೆ ಬರುತ್ತಾರೆ. "ಎಲ್ಲಾ ಮಾಡಿದೆ ಸಾರ್, ಆದ್ರೂ ನೀರಿನ ಯೋಚನೆ ಬಂತು." ಬರಲಿ ಬಿಡಿ! ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಗದ್ದಲ ಇರುತ್ತದೆ. ಅದು ನಿಲ್ಲಲಿ ಅಂತ ಕಾಯುತ್ತೀರಾ? ಗದ್ದಲದಲ್ಲೇ ಬಂಗಾರಪೇಟೆ ಬಸ್ಸು ಹತ್ತುತ್ತೀರಿ. ಯೋಚನೆ ಬಂದದ್ದು ತಪ್ಪಲ್ಲ. ಅದರ ಜೊತೆ ಜಗಳಕ್ಕೆ ನಿಂತು ಗುರಿ ಮರೆಯುವುದೇ ತಪ್ಪು.

ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿ, ಮುಗಿಸಲು ನಾಲ್ಕು ಗಂಟೆಯಾದರೂ ಬೇಕು. ಒಂದು ಹೊಡೆತಕ್ಕೆ ಎರಡು ಸೆಕೆಂಡೂ ಹಿಡಿಯುವುದಿಲ್ಲ. ನಡುವೆ ಬೆಟ್ಟ ನೋಡಿ, ಜೊತೆಗಾರರ ಮಕ್ಕಳ ಓದಿನ ಬಗ್ಗೆ ಮಾತಾಡಿ. ನಾಲ್ಕು ಗಂಟೆಯೂ ಹಲ್ಲು ಕಚ್ಚಿಕೊಂಡಿದ್ದರೆ ಮನಸ್ಸು ಸೋತುಹೋಗುತ್ತದೆ.

ಎಲ್ಲ ಸರಿ ಮಾಡಿದರೂ ಚೆಂಡು ಕೈಕೊಡುವ ದಿನ ಇರುತ್ತದೆ. ನಮ್ಮ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಆಟಗಾರ್ತಿ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನಕ್ಕೆ ಏಳು ಹೊಡೆತ ಮುಂದಿದ್ದರು. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವುದು. ಆ ದಿನ ಅವರಿಗೆ 77 ಹೊಡೆತ ಬೇಕಾಯಿತು, ಚಿನ್ನ ತಪ್ಪಿ ಬೆಳ್ಳಿ ಬಂತು. ಆ ಬೆಳ್ಳಿ ನನಗೆ ತುಂಬಾ ಪ್ರೀತಿಯದು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ ಅದು.

ಒಂದು ಎಚ್ಚರಿಕೆ. ಮೈದಾನದ ಹೊರಗೂ ಎದೆ ಹೊಡೆದುಕೊಳ್ಳುತ್ತಿದ್ದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಅದನ್ನು ಆಟದ ಭಯ ಅಂದುಕೊಳ್ಳಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ಮಂಡಿಯವರು ಈಗ ಗುರಿಯನ್ನು ಬಾಯಿಬಿಟ್ಟು ಹೇಳಿ ಹೊಡೆಯುತ್ತಾರೆ. "ಎಡಗಡೆ ಕೊಂಬೆ." ಚೆಂಡು ಇನ್ನೂ ಆಗಾಗ ಕೊಳಕ್ಕೆ ಬೀಳುತ್ತದೆ. ಮುಂಗೈ ಮಾತ್ರ ಸಡಿಲವಾಗಿದೆ.