ಗಮಕ ಉಳಿಸಿಕೊಳ್ಳುವ ಬಗೆ: ತಂತ್ರಾಂಶ ಮತ್ತು ಕೃತಕ ಬುದ್ಧಿಮತ್ತೆಯ ನೆರವಿನ ಸಂಗೀತ ಸಂಯೋಜನೆ

ಕಂಪ್ಯೂಟರಿನೊಳಗೆ ಸಂಗೀತವು ಮೂರು ರೂಪಗಳಲ್ಲಿ ಇರುತ್ತದೆ. ಯಾವ ಸ್ವರವನ್ನು ಯಾವಾಗ, ಎಷ್ಟು ಒತ್ತಿ ನುಡಿಸಬೇಕೆಂಬ ಸೂಚನೆಗಳ ರೂಪ ಒಂದು. ಮೈಕ್ ಹಿಡಿದಿಟ್ಟ ಧ್ವನಿಯಲೆಯ ರೂಪ ಇನ್ನೊಂದು. ಆ ಅಲೆಯನ್ನೇ ಅಡಕಗೊಳಿಸಿ ಕೃತಕ ಬುದ್ಧಿಮತ್ತೆಯ ಮಾದರಿಗಳು ಬಳಸುವ ಸಂಕೇತಗಳ ಸಾಲು ಮೂರನೆಯದು. ಪ್ರತಿಯೊಂದು ರೂಪದಲ್ಲೂ ಕೆಲವನ್ನು ಸುಲಭವಾಗಿ ಬದಲಾಯಿಸಬಹುದು, ಕೆಲವು ಕೈತಪ್ಪಿ ಹೋಗುತ್ತವೆ. ಕರ್ನಾಟಕ ಸಂಗೀತ ಕಲಿತು ಈ ಕೆಲಸಕ್ಕೆ ಬರುವವರಿಗೆ ಮೊದಲು ಕೈತಪ್ಪುವುದು ಗಮಕ, ಅಂದರೆ ಸ್ವರವನ್ನು ತೂಗಿಸಿ, ಜಾರಿಸಿ ಹಾಡುವ ಅಥವಾ ನುಡಿಸುವ ಬಗೆ. ಆದ್ದರಿಂದ ಒಂದೇ ಉದಾಹರಣೆಯನ್ನು ಹಿಡಿದು ನೋಡೋಣ: ಪುರಂದರದಾಸರ ಒಂದು ಪದಕ್ಕೆ ತೋಡಿ ರಾಗದಲ್ಲಿ, ಮಿಶ್ರಛಾಪು ತಾಳದಲ್ಲಿ ನಾವೇ ಧಾಟಿ ಕಟ್ಟಿ, ಅದನ್ನು ಹೊಸ ವಾದ್ಯಗಳೊಂದಿಗೆ ಹೊಂದಿಸಬೇಕಾಗಿದೆ.

ಸೂಚನೆಗಳ ರೂಪಕ್ಕೆ 1983ರಲ್ಲಿ ಬಂದ, ವಿದ್ಯುನ್ಮಾನ ವಾದ್ಯಗಳೂ ಕಂಪ್ಯೂಟರುಗಳೂ ಸೂಚನೆಗಳನ್ನು ಹಂಚಿಕೊಳ್ಳುವ ಮಿಡಿ ಎಂಬ ಒಪ್ಪಂದವೇ ಇಂದಿಗೂ ಆಧಾರ. ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ, ಒಂದು ಸ್ಥಾಯಿಗೆ 12 ಮೆಟ್ಟಿಲು. ತೋಡಿಯ ಗಾಂಧಾರವಾದರೋ ಒಂದು ಮೆಟ್ಟಿಲಿನ ಮೇಲೆ ನಿಲ್ಲುವ ಸ್ವರವಲ್ಲ; ಅದು ಕೆಳಗಿನ ಶುದ್ಧ ರಿಷಭದ ಕಡೆಗೂ ಮೇಲಿನ ಶುದ್ಧ ಮಧ್ಯಮದ ಕಡೆಗೂ ತೂಗಾಡುತ್ತದೆ. ಕೀಬೋರ್ಡಿನಲ್ಲಿ ಸಾಧಾರಣ ಗಾಂಧಾರದ ಕೀಲಿಯನ್ನು ಒತ್ತಿ ಬಿಟ್ಟರೆ ಸ್ವರಸ್ಥಾನ ಸರಿಯಾಗಿಯೇ ಇರುತ್ತದೆ, ರಾಗ ಮಾತ್ರ ಇರುವುದಿಲ್ಲ. ಇದಕ್ಕೆ ಮಿಡಿಯಲ್ಲಿರುವ ಉಪಾಯ ಪಿಚ್ ಬೆಂಡ್, ಅಂದರೆ ನುಡಿಯುತ್ತಿರುವ ಸ್ವರವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುವ ಸೂಚನೆ. ಅದರ ಬೆಲೆ 0ಯಿಂದ 16383ರವರೆಗೆ, ನಡುಬಿಂದು 8192. ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳಷ್ಟಿರುತ್ತದೆ (ಒಂದು ಅರ್ಧಸ್ವರವೆಂದರೆ ಮೇಲೆ ಹೇಳಿದ ಒಂದು ಮೆಟ್ಟಿಲು). ಗಾಂಧಾರದಿಂದ ರಿಷಭಕ್ಕೂ ಮಧ್ಯಮಕ್ಕೂ ಇರುವ ದೂರ ಸರಿಯಾಗಿ ಅಷ್ಟೇ ಆದ್ದರಿಂದ ಈ ಒಂದು ಗಮಕ ಹೇಗೋ ಹಿಡಿಸುತ್ತದೆ. ಆದರೆ ಷಡ್ಜದಿಂದ ಪಂಚಮಕ್ಕೆ ಎಳೆಯುವ ಜಾರು ಗಮಕಕ್ಕೆ ಏಳು ಅರ್ಧಸ್ವರಗಳು ಬೇಕು. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ವ್ಯಾಪ್ತಿಯನ್ನು ಎರಡೂ ಕಡೆಗೆ 12ಕ್ಕೆ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಆಗಲೂ ಒಂದು ಅರ್ಧಸ್ವರದೊಳಗೆ ಸುಮಾರು 683 ಹಂತಗಳು ಉಳಿಯುತ್ತವೆ, ಕಿವಿಗೆ ಮೆಟ್ಟಿಲು ತಿಳಿಯುವುದಿಲ್ಲ. ಪಿಚ್ ಬೆಂಡ್ ಒಂದು ಚಾನೆಲ್ಲಿನ (ಸೂಚನೆಗಳು ಹರಿಯುವ ಒಂದು ಹಾದಿಯ) ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಅದೇ ಚಾನೆಲ್ಲಿನಲ್ಲಿ ತಂಬೂರಿಯ ಷಡ್ಜವಿದ್ದರೆ ಶ್ರುತಿಯೇ ಅಲುಗಾಡುತ್ತದೆ. ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಡುವ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಶನ್) ಪದ್ಧತಿ ಈ ತೊಡಕನ್ನು ನೀಗುತ್ತದೆ.

ತಾಳದ ವಿಷಯ ಇಷ್ಟು ಕಠಿಣವಲ್ಲ. ತಂತ್ರಾಂಶದಲ್ಲಿ ಆವರ್ತವನ್ನು 7/8 ಎಂದು ಹೊಂದಿಸಿ, ಮೂರು ಮತ್ತು ನಾಲ್ಕಾಗಿ ಒತ್ತು ಕೊಟ್ಟರೆ ಮಿಶ್ರಛಾಪು ಸಿದ್ಧವಾಗುತ್ತದೆ. ನುಡಿಸಿದ್ದನ್ನು ಗೆರೆಗೆ ಸರಿಯಾಗಿ ಕೂರಿಸುವ ಕ್ವಾಂಟೈಸ್ ಸೌಲಭ್ಯವನ್ನು ಹಾಡಿದ ಸಾಲಿಗೆ ಮಾತ್ರ ಎಂದೂ ಪೂರ್ತಿಯಾಗಿ ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಹಿತ್ಯದ ಅಕ್ಷರ ತಾಳದಿಂದ ಎಳ್ಳಷ್ಟು ಹಿಂದೆ ಬೀಳುವುದರಲ್ಲಿಯೇ ಹಾಡಿನ ಜೀವವಿರುತ್ತದೆ.

ರೀಮಿಕ್ಸ್ ಎಂದಾಗ ಬಹಳಷ್ಟು ಮಂದಿ ಎರಡನೆಯ ರೂಪದಿಂದಲೇ, ಅಂದರೆ ಸಿದ್ಧ ಧ್ವನಿಮುದ್ರಣದಿಂದಲೇ ಆರಂಭಿಸುತ್ತಾರೆ. ಡೀಜರ್ ಸಂಸ್ಥೆಯ ಸ್ಪ್ಲೀಟರ್, ಫೇಸ್‌ಬುಕ್ ಸಂಶೋಧಕರ ಡೆಮ್ಯುಕ್ಸ್ ಮೊದಲಾದ ಉಪಕರಣಗಳು 2019ರ ಸುಮಾರಿಗೆ ಬಂದ ಮೇಲೆ, ಬೆರೆತ ಹಾಡಿನಿಂದ ಧ್ವನಿಯನ್ನೂ ವಾದ್ಯಗಳನ್ನೂ ಬೇರೆ ಬೇರೆ ಮಾಡುವುದು ಎಲ್ಲರ ಕೈಗೂ ಎಟುಕಿತು. ಸ್ಪ್ಲೀಟರ್ ಬಗೆಯ ಉಪಕರಣವು ಅಲೆಯನ್ನು ಸಣ್ಣ ಸಣ್ಣ ಕಾಲಖಂಡಗಳಾಗಿ ಕತ್ತರಿಸಿ, ಪ್ರತಿ ಖಂಡದಲ್ಲಿ ಯಾವ ಯಾವ ಆವರ್ತನಗಳು (ಕಂಪನದ ವೇಗಗಳು) ಎಷ್ಟೆಷ್ಟಿವೆ ಎಂಬ ಚಿತ್ರ ಬರೆದು, ಅದರ ಪ್ರತಿಯೊಂದು ಚುಕ್ಕೆಯಲ್ಲೂ ಧ್ವನಿಯ ಪಾಲೆಷ್ಟು, ವಾದ್ಯದ ಪಾಲೆಷ್ಟು ಎಂದು ಅಂದಾಜಿಸುತ್ತದೆ. ಇಂಥ ಉಪಕರಣಗಳ ತರಬೇತಿಗೂ ಪರೀಕ್ಷೆಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಮ್ಯೂಸ್‌ಡಿಬಿ18 ಎಂಬ ಸಂಗ್ರಹದಲ್ಲಿ 150 ಹಾಡುಗಳಿವೆ, ಹೆಚ್ಚಿನವು ಪಾಶ್ಚಾತ್ಯ ಜನಪ್ರಿಯ ಶೈಲಿಯವು. ಅವುಗಳ ವಿಭಾಗಗಳೂ ಗಾಯನ, ಡ್ರಮ್ಸ್, ಬೇಸ್, ಇತರೆ ಎಂಬ ನಾಲ್ಕೇ. ಗಾಯಕನನ್ನು ನೆರಳಿನಂತೆ ಅನುಸರಿಸುವ ಪಿಟೀಲಿಗೆ ಆ ನಾಲ್ಕರಲ್ಲಿ ಖಚಿತವಾದ ಜಾಗವಿಲ್ಲ. ಅದರ ಆವರ್ತನಗಳು ಕಂಠದ ಆವರ್ತನಗಳ ಮೇಲೆಯೇ ಬೀಳುವುದರಿಂದ ಒಂದಿಷ್ಟು ಪಿಟೀಲು ಗಾಯನದೊಳಗೆ ಉಳಿದುಕೊಳ್ಳುವುದು ಸಹಜ. ಮೃದಂಗಕ್ಕೆ ಶ್ರುತಿಯೂ ಇದೆ, ಹೊಡೆತವೂ ಇದೆ. ಎಡಗಡೆಯ ಗುಂಕಾರ ಬೇಸ್ ಭಾಗಕ್ಕೆ ಸೋರಬಹುದು. ನಮ್ಮ ಉದಾಹರಣೆಯಲ್ಲಿ ಹಾಡುವವರು ನಾವೇ ಆದ್ದರಿಂದ ಧ್ವನಿ, ಪಿಟೀಲು, ಮೃದಂಗಗಳನ್ನು ಮೊದಲಿನಿಂದಲೇ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿಕೊಳ್ಳುವುದು ಎಷ್ಟೋ ಮೇಲು.

ಮೂರನೆಯ ರೂಪದ ಮಾದರಿಗಳಲ್ಲಿ, ಮೆಟಾ ಸಂಸ್ಥೆ 2023ರಲ್ಲಿ ಹೊರತಂದ, ಬರೆದು ಕೊಟ್ಟ ಸೂಚನೆಯಿಂದ ಸಂಗೀತ ರಚಿಸುವ ಮ್ಯೂಸಿಕ್‌ಜೆನ್ ಕಲಿಯುವವರಿಗೆ ಅನುಕೂಲವಾದುದು, ಏಕೆಂದರೆ ಅದರ ರಚನೆ ಬಹಿರಂಗವಾಗಿದೆ. ಅದು ಅಲೆಯನ್ನು ಸೆಕೆಂಡಿಗೆ 50 ಹಂತಗಳ ಸಂಕೇತಗಳಾಗಿ ಅಡಕಿಸಿ, ಹಿಂದಿನ ಸಂಕೇತಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ನಾವು ಹಾಡಿದ ಧಾಟಿಯನ್ನು ಕೊಟ್ಟು ಅದನ್ನು ಅನುಸರಿಸುವಂತೆ ಕೇಳುವ ಸೌಲಭ್ಯವೂ ಇದೆ. ಆದರೆ ಆ ಧಾಟಿಯನ್ನು ಅದು ಗ್ರಹಿಸುವುದು ಕ್ರೋಮಾಗ್ರಾಮ್ ಮೂಲಕ, ಅಂದರೆ ಪ್ರತಿ ಕ್ಷಣದ ಧ್ವನಿಯನ್ನು 12 ಸ್ವರಸ್ಥಾನಗಳಲ್ಲಿ ಒಂದಕ್ಕೆ ಸೇರಿಸಿ. ತೋಡಿಯ ಗಾಂಧಾರ ಇಲ್ಲಿ ಮತ್ತೆ ತುಂಡಾಗುತ್ತದೆ. ಮುಖ್ಯ ಧಾಟಿಯನ್ನು ಮನುಷ್ಯರ ಕಂಠಕ್ಕೋ ವಾದ್ಯಕ್ಕೋ ಬಿಟ್ಟು, ಹಿನ್ನೆಲೆಯ ನಾದ, ತಾಳವಾದ್ಯಗಳ ಹೊಸ ಬಣ್ಣ, ಆರಂಭದ ವಾತಾವರಣ ಇಂಥವನ್ನು ಮಾತ್ರ ಮಾದರಿಯಿಂದ ಪಡೆಯುವುದು ಸರಿ ಎಂದು ನಾನು ಭಾವಿಸುವುದು ಈ ಕಾರಣದಿಂದ.

ಸ್ವಂತ ಕೃತಿ ಎನ್ನಲು ಹಕ್ಕುಗಳ ಲೆಕ್ಕವೂ ಸ್ಪಷ್ಟವಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಪ್ರತ್ಯೇಕ. ಪುರಂದರದಾಸರು 1564ರಲ್ಲಿ ತೀರಿಕೊಂಡವರು, ಅವರ ಸಾಹಿತ್ಯ ಎಲ್ಲರದು. ಇಂದು ಪ್ರಚಾರದಲ್ಲಿರುವ ಧಾಟಿಗಳಲ್ಲಿ ಅನೇಕವು ಮಾತ್ರ ನಂತರದ ವಿದ್ವಾಂಸರು ಸಂಯೋಜಿಸಿದವು. ಅಂಥ ಸಂಯೋಜನೆಯ ಮೇಲಿನ ಹಕ್ಕು ಸಂಯೋಜಕರ ಮರಣಾನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ದಾಸರ ಪದವೆಂಬ ಕಾರಣಕ್ಕೆ ಕ್ಯಾಸೆಟ್ಟಿನಿಂದ ಧ್ವನಿಯನ್ನು ಬೇರ್ಪಡಿಸಿ ಬಳಸಲಾಗದು. ಕಂಪ್ಯೂಟರಿನಿಂದ ರಚಿತವಾದ ಕೃತಿಗೆ, ಅದು ರಚನೆಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎಂದು ಇದೇ ಕಾಯ್ದೆಯ 2(ಡಿ)(vi) ಹೇಳುತ್ತದೆ. ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಜನವರಿ 2025ರ ವರದಿ ಇದಕ್ಕಿಂತ ಬಿಗಿಯಾದುದು: ಮಾದರಿಗೆ ಬರೆದು ಕೊಟ್ಟ ಸೂಚನೆಯಷ್ಟರಿಂದಲೇ ಕರ್ತೃತ್ವ ಬರುವುದಿಲ್ಲ, ಮನುಷ್ಯರ ಆಯ್ಕೆ, ಜೋಡಣೆ, ತಿದ್ದುಪಡಿ ಅದರಲ್ಲಿ ಕಾಣಬೇಕು. ಹೊರದೇಶದ ವೇದಿಕೆಗಳಲ್ಲಿ ಕೃತಿಯನ್ನು ಪ್ರಕಟಿಸಲಿರುವವರು ಧಾಟಿ ಹಾಡಿದ ಮೊದಲ ಮುದ್ರಣ, ಮಿಡಿ ಕಡತಗಳು, ತಿದ್ದಿದ ಪ್ರತಿಯೊಂದು ಆವೃತ್ತಿ ಇವುಗಳನ್ನು ದಿನಾಂಕಸಹಿತ ಉಳಿಸಿಕೊಳ್ಳಬೇಕು.