ಉತ್ತರ ಕಿರೀಟದ ಕಡೆ ಒಂದು ಕಣ್ಣು

"ಏನ್ ತಮ್ಮಾ, ನಿನ್ನ ಚಿಕ್ಕಿ ಸಿಡೀತೇನು?" ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಧಾರವಾಡದ ಕಾಕು ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ಕೇಳುತ್ತಾರೆ. 2024ರಲ್ಲಿ ಸಿಡಿಯುತ್ತದೆ ಅಂತ ಟಿವಿಯಲ್ಲಿ ನೋಡಿದ್ದರು. ಸಿಡಿಯಲಿಲ್ಲ. ಆಮೇಲೆ 2025ರ ಮಾರ್ಚ್ 27 ಅಂದರು, ಆ ದಿನವೂ ಸುಮ್ನೆ ಕಳೆಯಿತು.

ಕಾಕು ಚಿಕ್ಕಿ ಅನ್ನೋದು ಟಿ ಕೊರೊನೆ ಬೋರಿಯಾಲಿಸ್ ಅನ್ನುವ ನಕ್ಷತ್ರಕ್ಕೆ, ಅದು ಇರೋದು ಉತ್ತರ ಕಿರೀಟ ಅನ್ನುವ ನಕ್ಷತ್ರಪುಂಜದಲ್ಲಿ. ನೋಡಲು ಒಂದೇ, ನಿಜಕ್ಕೆ ಎರಡು. ಸುಮಾರು 3,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೆಂಪು ದೈತ್ಯ (ಉಬ್ಬಿದ ಮುದಿ ನಕ್ಷತ್ರ), ಒಂದು ಬಿಳಿ ಕುಬ್ಜ (ಉರಿದು ಮುಗಿದ ನಕ್ಷತ್ರದ ದಟ್ಟ ತಿರುಳು), 227 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ದೈತ್ಯನ ಹೈಡ್ರೋಜನ್ ಕುಬ್ಜದ ಮೈಮೇಲೆ ಪದರ ಕಟ್ಟುತ್ತಾ ಹೋಗುತ್ತದೆ, ಅಡಿಯಲ್ಲಿ ಒತ್ತಡ, ಕಾವು ಮಿತಿಮೀರಿದಾಗ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ನಕ್ಷತ್ರ ಸಾಯುವುದಿಲ್ಲ. ಮತ್ತೆ ಪದರ ಕಟ್ಟಲು ಶುರು.

1866ರ ಮೇನಲ್ಲಿ ಸಿಡಿಯಿತು, 1946ರ ಫೆಬ್ರವರಿಯಲ್ಲಿ ಮತ್ತೆ. ಸುಮಾರು 80 ವರ್ಷಕ್ಕೊಮ್ಮೆ ಸಿಡಿಯುತ್ತದೆ ಅನ್ನುವ ಲೆಕ್ಕ ಇಲ್ಲಿಂದಲೇ. 1217, 1787ರಲ್ಲಿ ಕಂಡದ್ದೂ ಇದೇ ಇರಬಹುದು ಅನ್ನುತ್ತಾರೆ, ಆದರೆ ಖಚಿತವಾಗಿ ಗೊತ್ತಿರುವ ಅಂತರ ಒಂದೇ. ಅಷ್ಟರಿಂದ ತಿಂಗಳು ಹೇಳೋದು ಕಷ್ಟ, ಅಲ್ವಾ?

ಇನ್ನೊಂದು ಸುಳಿವೂ ಇತ್ತು. 1946ಕ್ಕೆ ಮೊದಲು ಕೆಲವು ವರ್ಷ ಇದರ ಹೊಳಪು ಏರಿ, ಸಿಡಿಯುವ ಸುಮಾರು ಒಂದು ವರ್ಷ ಮುಂಚೆ ಇಳಿದಿತ್ತು. 2015ರ ಸುಮಾರಿಗೆ ಮತ್ತೆ ಏರಿತು, 2023ರಲ್ಲಿ ಇಳಿಯಿತು. ಅದಕ್ಕೇ 2024. ಆ ಮಾರ್ಚ್ 27 ಬಂದದ್ದು, ಎರಡು ಸ್ಫೋಟಗಳ ನಡುವೆ 227 ದಿನದ ಪೂರ್ತಿ ಸುತ್ತುಗಳೇ ಇರುತ್ತವೆ ಅನ್ನುವ ಊಹೆಯಿಂದ. ಹಾಗೆ ಊಹಿಸುವುದು ತಪ್ಪೇನಿಲ್ಲ, ಆದರೆ ಲೆಕ್ಕದಲ್ಲಿದ್ದ 'ಇರಬಹುದು' ಅನ್ನೋ ಮಾತು ಸುದ್ದಿಯಾಗುವಷ್ಟರಲ್ಲಿ ಉದುರಿಹೋಯಿತು. ಆಗ ಆಸೆಯಿಂದ ನೋಡಿದವರು ಈಗ ತಲೆ ಎತ್ತುವುದನ್ನೇ ಬಿಟ್ಟಿದ್ದಾರೆ, ನನಗೆ ಬೇಜಾರು ಅದೇ.

ಆ ಹಳೆಯ ಏರಿಳಿತ ನಮಗೆ ಗೊತ್ತಿರೋದು ರಾತ್ರಿ ರಾತ್ರಿ ನೋಡಿ ಬರೆದಿಟ್ಟವರಿಂದ. ಅಮೆರಿಕದ ಒಹಾಯೊದಲ್ಲಿ ಹವ್ಯಾಸಿ ಆಕಾಶ ವೀಕ್ಷಕ ಲೆಸ್ಲಿ ಪೆಲ್ಟಿಯರ್ 25 ವರ್ಷ ಇದನ್ನು ಕಾದರು. 1946ರ ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ ಎದ್ದರು, ನೆಗಡಿಯ ಸೂಚನೆ ಕಂಡು ಮತ್ತೆ ಮಲಗಿದರು. ಸಿಡಿದದ್ದು ಅವತ್ತೇ.

ಪುಣೆಯಲ್ಲಿ ನಮಗೆ ಅಡ್ಡ ಬರೋದು ಮಳೆ. ಮೇ ತಿಂಗಳ ರಾತ್ರಿ ಟೆರೇಸಿಗೆ ಹೋಗಿ, ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಮುಂದೆ ಹೋದರೆ ಸ್ವಾತಿ ಸಿಗುತ್ತದೆ. ಅದರ ಪೂರ್ವಕ್ಕೆ ಅರ್ಧ ಬಳೆಯ ಹಾಗೆ ಉತ್ತರ ಕಿರೀಟ. ನಮ್ಮ ನಕ್ಷತ್ರಕ್ಕೆ ಬೈನಾಕ್ಯುಲರ್ ಬೇಕು. ಸಿಡಿದರೆ ಮಾತ್ರ ಕಿರೀಟದ ಅತಿ ಹೊಳೆಯುವ ನಕ್ಷತ್ರಕ್ಕೆ ಸಮ, ಅದೂ ಬರಿಗಣ್ಣಿಗೆ ಕಾಣೋದು ಕೆಲವೇ ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಷ್ಟು ದಿನ ಒಂದೇ ಸಮನೆ ಮೋಡ ಮುಚ್ಚಿರುವುದು ಮಾಮೂಲಿ.

ಕಾಕುಗೆ ಇಷ್ಟೂ ಹೇಳಿ, ಕಂಡರೆ ಬೆಲ್ ಮಾಡಲಾ ಅಂದೆ.

"ಗಂಟಿ ಎಷ್ಟರ ಆಗಲಿ, ಎಬ್ಬಿಸು" ಅಂದರು.