ಫೈನಲ್ ಸಮಬಲವಾದರೆ ಹೆಚ್ಚುವರಿ ಅವಧಿಯೋ, ನೇರ ಟೈಬ್ರೇಕರೋ?

ಓದುಗರ ಪ್ರಶ್ನೆ: ಮಂಗಳೂರಿನ ಸುತ್ತಮುತ್ತ ನಡೆಯುವ ಕ್ಲಬ್ ಟೂರ್ನಿಗಳ ಫೈನಲ್ ಸಮಬಲವಾದರೆ ಅನೇಕ ಬಾರಿ ನೇರವಾಗಿ ಟೈಬ್ರೇಕರ್‌ಗೆ, ಅಂದರೆ ಪೆನಾಲ್ಟಿ ಒದೆತಗಳಿಗೆ, ಹೋಗುತ್ತಾರೆ. ಟಿವಿಯಲ್ಲಿ ನೋಡುವ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಾದರೆ ಮತ್ತೆ ಅರ್ಧ ಗಂಟೆ ಆಡಿಸುತ್ತಾರೆ. ಫುಟ್‌ಬಾಲ್‌ಗೆ ಎಲ್ಲೆಡೆ ಒಂದೇ ನಿಯಮವಲ್ಲವೇ? ಇದನ್ನು ನಿರ್ಧರಿಸುವವರು ರೆಫ್ರಿಯೇ?

ಉತ್ತರ: ನಿರ್ಧರಿಸುವವರು ರೆಫ್ರಿ ಅಲ್ಲ, ಟೂರ್ನಿಯ ಸಂಘಟಕರು, ಅದೂ ಮೊದಲ ಪಂದ್ಯದ ಸೀಟಿ ಊದುವುದಕ್ಕೆ ಮುಂಚೆ. ಆಟದ ನಿಯಮಗಳನ್ನು ರೂಪಿಸುವ ಐಎಫ್‌ಎಬಿ ಸಂಸ್ಥೆಯ 10ನೇ ನಿಯಮವು, ವಿಜೇತರು ಬೇಕೇ ಬೇಕಾದ ಪಂದ್ಯ ಸಮಬಲದಲ್ಲಿ ಮುಗಿದಾಗ ಮೂರು ದಾರಿಗಳಿಗೆ ಮಾತ್ರ ಒಪ್ಪಿಗೆ ಕೊಡುತ್ತದೆ: ಎದುರಾಳಿಯ ತವರು ಮೈದಾನದಲ್ಲಿ ಹೊಡೆದ ಗೋಲುಗಳಿಗೆ ಹೆಚ್ಚಿನ ಬೆಲೆ, ತಲಾ 15 ನಿಮಿಷ ಮೀರದ ಎರಡು ಸಮಾನ ಅವಧಿಗಳ ಹೆಚ್ಚುವರಿ ಆಟ, ಇಲ್ಲವೇ ಪೆನಾಲ್ಟಿ ಒದೆತ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಒಂದಕ್ಕಿಂತ ಹೆಚ್ಚನ್ನು ಜೋಡಿಸಿಕೊಳ್ಳಲೂಬಹುದು. ಮೊದಲನೆಯದು ತವರಿನಲ್ಲಿ ಒಂದು, ಹೊರಗೆ ಒಂದು ಎಂದು ಎರಡು ಪಂದ್ಯ ಆಡಿಸುವ ಕಡೆ ಮಾತ್ರ ಅನ್ವಯಿಸುವುದರಿಂದ ನಮ್ಮ ಊರಿನ ಫೈನಲ್‌ಗಳಿಗೆ ಸಂಬಂಧಿಸಿದ್ದಲ್ಲ. ಯುರೋಪಿನ ಕ್ಲಬ್ ಟೂರ್ನಿಗಳು ಕೂಡ ಅದನ್ನು 2021–22ರ ಋತುವಿನಿಂದ ಕೈಬಿಟ್ಟಿವೆ.

ಹೀಗಾಗಿ ಒಂದೇ ದೇಶದೊಳಗೆ ಎರಡೂ ಪದ್ಧತಿಗಳು ನಡೆಯುತ್ತವೆ. 2024ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಮತ್ತು ನಾರ್ತ್‌ಈಸ್ಟ್ ಯುನೈಟೆಡ್ 2–2ರಲ್ಲಿ ನಿಂತಾಗ ಹೆಚ್ಚುವರಿ ಅವಧಿಯಿಲ್ಲದೆ ಪೆನಾಲ್ಟಿಗೆ ಹೋದರು, ನಾರ್ತ್‌ಈಸ್ಟ್ 4–3ರಿಂದ ಗೆದ್ದಿತು. ಐಎಸ್‌ಎಲ್ ಫೈನಲ್‌ನಲ್ಲಿ ಮಾತ್ರ ಅರ್ಧ ಗಂಟೆ ಆಡಲೇಬೇಕು. ಆ ಅರ್ಧ ಗಂಟೆಯ ಸಿಹಿ, ಕಹಿ ಎರಡನ್ನೂ ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿ ಉಂಡಿದೆ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ 90 ನಿಮಿಷದಲ್ಲಿ ಗೋಲಿಲ್ಲದೆ ಮುಗಿಯಿತು. ಹೆಚ್ಚುವರಿ ಅವಧಿಯ ಮೊದಲಾರ್ಧ ಮುಗಿಯುತ್ತಿದ್ದಂತೆ ಗೋವಾದ ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು, ಪ್ರಶಸ್ತಿ ಬೆಂಗಳೂರಿಗೆ ಬಂತು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಅದೇ ಅರ್ಧ ಗಂಟೆಯ ಆರಂಭದಲ್ಲಿ ಮೋಹನ್ ಬಾಗಾನ್‌ನ ಜೇಮೀ ಮೆಕ್ಲಾರೆನ್ ಹೊಡೆದ ಗೋಲು ಪ್ರಶಸ್ತಿಯನ್ನು ಕಸಿದುಕೊಂಡಿತು. ಎರಡೂ ಸಲ ಫಲಿತಾಂಶ ಬಂದದ್ದು ಆಟದಿಂದ, ಹನ್ನೊಂದು ಮೀಟರ್ ದೂರದ ಪೆನಾಲ್ಟಿ ಒದೆತದಿಂದಲ್ಲ. ದಣಿವು, ಶಿಸ್ತು, ಬೆಂಚಿನಲ್ಲಿರುವವರ ಬಲ, ಇವೆಲ್ಲ ಪರೀಕ್ಷೆಗೆ ಒಳಗಾಗುವ ಸಮಯ ಅದು. ಫೈನಲ್ ಎಂಬ ಪಂದ್ಯಕ್ಕೆ ಆ ಅವಕಾಶ ಸಿಗಬೇಕೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಆದರೆ ಕರಾವಳಿಯ ಸಂಘಟಕರ ಕಷ್ಟವೂ ನಿಜವಾದದ್ದೇ. ಫ್ಲಡ್‌ಲೈಟ್ ಇಲ್ಲದ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಫೈನಲ್ ಆರಂಭಿಸಿದರೆ ವಿರಾಮ, ಗಾಯದ ಸಮಯ ಸೇರಿ 90 ನಿಮಿಷದ ಆಟ ಮುಗಿಯುವಾಗ ಆರಕ್ಕೆ ಹತ್ತು ನಿಮಿಷ ಇರುತ್ತದೆ. ಡಿಸೆಂಬರ್‌ನಲ್ಲಿ ಮಂಗಳೂರಿನ ಸೂರ್ಯ ಆರು ದಾಟಿದ ಕೆಲವೇ ನಿಮಿಷಗಳಲ್ಲಿ ಕಡಲಿಗಿಳಿಯುತ್ತಾನೆ. ಮತ್ತೆ ಅರ್ಧ ಗಂಟೆ, ಅದರ ಮೇಲೆ ಪೆನಾಲ್ಟಿ ಎಂದರೆ ಗೋಲ್‌ಕೀಪರ್‌ಗೆ ಚೆಂಡು ಕಾಣುವುದೇ ಅನುಮಾನ. ಇನ್ನು ಬೆಳಿಗ್ಗೆ ಸೆಮಿಫೈನಲ್ ಆಡಿದ ಹುಡುಗರನ್ನೇ ಅದೇ ದಿನ ಸಂಜೆ ಫೈನಲ್‌ಗೆ ಇಳಿಸುವ ಟೂರ್ನಿಗಳಲ್ಲಿ, ಅದೂ ಏಪ್ರಿಲ್‌–ಮೇ ತಿಂಗಳ ನಮ್ಮ ಸೆಕೆಯಲ್ಲಿ, ಹೆಚ್ಚುವರಿ ಅವಧಿ ಇಡುವುದು ಆಟಗಾರರ ದೇಹಕ್ಕೆ ಮಾಡುವ ಅನ್ಯಾಯ. ಅಂಥಲ್ಲಿ ನೇರ ಟೈಬ್ರೇಕರೇ ಸರಿ. ಇವೆರಡರ ನಡುವಿನ ದಾರಿಯೊಂದು ನಿಯಮದಲ್ಲೇ ಇದೆ: 15 ನಿಮಿಷ ಎಂಬುದು ಗರಿಷ್ಠ ಮಿತಿ ಮಾತ್ರ, ಆದ್ದರಿಂದ ತಲಾ 5 ಅಥವಾ 10 ನಿಮಿಷದ ಎರಡು ಅವಧಿ ಇಟ್ಟರೂ ಅದು ನಿಯಮಬದ್ಧ. ಫೈನಲನ್ನು ಮೂರು ಗಂಟೆಗೆ ಆರಂಭಿಸಿದರೆ ಬೆಳಕಿನ ಸಮಸ್ಯೆಯೂ ಬಹುಪಾಲು ತಪ್ಪುತ್ತದೆ.

ಪೆನಾಲ್ಟಿಯೇ ಕೊನೆಯ ದಾರಿಯಾದಾಗ ಗಲಾಟೆ ಏಳುವುದು ಸಾಮಾನ್ಯವಾಗಿ ವಿವರಗಳ ಬಗ್ಗೆ. ಯಾವ ಗೋಲು ಕಂಬದ ಕಡೆ ಒದೆಯಬೇಕೆಂಬುದಕ್ಕೆ ರೆಫ್ರಿ ಒಮ್ಮೆ ನಾಣ್ಯ ಚಿಮ್ಮುತ್ತಾರೆ. ಮೈದಾನದ ಸ್ಥಿತಿ ಅಥವಾ ಸುರಕ್ಷತೆಯ ಕಾರಣವಿದ್ದರೆ ಅವರೇ ಆರಿಸಬಹುದು. ಮೊದಲು ಒದೆಯುವವರು ಯಾರೆಂಬುದಕ್ಕೆ ಇನ್ನೊಮ್ಮೆ ಚಿಮ್ಮುತ್ತಾರೆ, ಗೆದ್ದ ನಾಯಕ ಮೊದಲೋ ನಂತರವೋ ಎಂದು ತೀರ್ಮಾನಿಸುತ್ತಾನೆ. ಆಟ ಮುಗಿದ ಕ್ಷಣದಲ್ಲಿ ಅಂಗಳದಲ್ಲಿದ್ದವರು, ಇಲ್ಲವೇ ಗಾಯದ ಆರೈಕೆಯಂಥ ಕಾರಣಕ್ಕೆ ಸ್ವಲ್ಪ ಹೊತ್ತು ಹೊರಗಿದ್ದವರು ಮಾತ್ರ ಒದೆಯಲು ಅರ್ಹರು. ಬದಲಿಯಾಗಿ ಹೊರಬಂದ ನಿಪುಣನನ್ನು ಮತ್ತೆ ಕರೆತರುವಂತಿಲ್ಲ. ಒಂದು ತಂಡದಲ್ಲಿ ಹತ್ತೇ ಜನ ಉಳಿದಿದ್ದರೆ ಇನ್ನೊಂದು ತಂಡ ಕೂಡ ತನ್ನ ಒಬ್ಬನನ್ನು ಕೈಬಿಟ್ಟು ಸಂಖ್ಯೆ ಸರಿಸಮ ಮಾಡಬೇಕು. ತಲಾ ಐದು ಒದೆತಗಳ ನಂತರವೂ ಸಮವಾಗಿದ್ದರೆ ಒಂದೊಂದಾಗಿ ಮುಂದುವರಿಯುತ್ತದೆ, ಮತ್ತು ಗೋಲ್‌ಕೀಪರ್ ಸೇರಿ ಅರ್ಹರೆಲ್ಲರೂ ಒಮ್ಮೆ ಒದೆಯುವ ತನಕ ಯಾರಿಗೂ ಎರಡನೇ ಅವಕಾಶವಿಲ್ಲ. ಚೆಂಡಿಗೆ ಕಾಲು ತಗಲುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ, ಗೆರೆಗೆ ನೇರವಾಗಿ ಗಾಳಿಯಲ್ಲಿ ಅಥವಾ ಗೆರೆಯ ಹಿಂದೆ ಇರಬೇಕು. ಹಿಂದಕ್ಕೆ ಚಿಮ್ಮಿದ ಚೆಂಡನ್ನು ಒದೆದವನು ಮತ್ತೆ ಹೊಡೆದರೆ ಅದು ಗೋಲಲ್ಲ.

ಈ ಪದ್ಧತಿ ನಿಯಮಾವಳಿಗೆ ಸೇರಿದ್ದು 1970ರಲ್ಲಿ. ಅದಕ್ಕೂ ಮುಂಚೆ ಪಂದ್ಯವನ್ನು ಮತ್ತೊಮ್ಮೆ ಆಡಿಸುತ್ತಿದ್ದರು, ಇಲ್ಲವೇ ಚೀಟಿ ಎತ್ತಿ, ನಾಣ್ಯ ಚಿಮ್ಮಿ ವಿಜೇತರನ್ನು ಹೆಸರಿಸುತ್ತಿದ್ದರು. ಆಮೇಲೂ ಎಲ್ಲರೂ ಕೂಡಲೇ ಒಪ್ಪಲಿಲ್ಲ: 1974ರ ಯುರೋಪಿಯನ್ ಕಪ್ ಫೈನಲ್ 1–1ರಲ್ಲಿ ನಿಂತಾಗ ಬಯರ್ನ್ ಮ್ಯೂನಿಕ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ಎರಡು ದಿನ ಬಿಟ್ಟು ಮತ್ತೆ ಆಡಿದವು, ಬಯರ್ನ್ 4–0ರಿಂದ ಗೆದ್ದಿತು.

ತಂಡಗಳಿಂದ ಪ್ರವೇಶ ಶುಲ್ಕ ಪಡೆಯುವಾಗಲೇ ಹೆಚ್ಚುವರಿ ಅವಧಿ ಇದೆಯೇ, ಇದ್ದರೆ ಎಷ್ಟು ನಿಮಿಷ, ಅದು ಫೈನಲ್‌ಗೆ ಮಾತ್ರವೇ ಎಂಬುದನ್ನು ಮುದ್ರಿಸಿ ಕೊಡುವುದು ಸಂಘಟಕರ ಹೊಣೆ, ಕೇಳಿ ಪಡೆಯುವುದು ತಂಡದ ವ್ಯವಸ್ಥಾಪಕರ ಹೊಣೆ. ವರದಿ ಬರೆಯುವವರು ಪೆನಾಲ್ಟಿ ಗೋಲುಗಳನ್ನು ಪಂದ್ಯದ ಗೋಲುಗಳ ಜೊತೆ ಕೂಡಿಸಬಾರದು. 2023ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಸೋತದ್ದು 6–5ರಿಂದಲ್ಲ. ಪಂದ್ಯ 2–2, ಪೆನಾಲ್ಟಿ 4–3.